ಒಂಬತ್ತೂವರೆ ಗಂಟೆಯ ಯುದ್ಧ, ಆರು ಸಂಜೆಗಳ ಸಿನಿಮಾ: 'ದಿ ಹ್ಯೂಮನ್ ಕಂಡಿಷನ್' ಬ್ಲೂ-ರೇ ಸೆಟ್

ಮೊದಲೇ ಹೇಳಿಬಿಡುತ್ತೇನೆ. ಈ ಸೆಟ್ ಕೊಳ್ಳುವವರು ಒಂದು ವಾರದ ಸಂಜೆಗಳನ್ನು ಇದಕ್ಕೇ ಅಂತ ಎತ್ತಿಡಬೇಕು. ಜಪಾನಿನ ನಿರ್ದೇಶಕ ಮಸಾಕಿ ಕೊಬಯಾಶಿ ಅವರ 'ದಿ ಹ್ಯೂಮನ್ ಕಂಡಿಷನ್' ಒಟ್ಟು 579 ನಿಮಿಷದ ಸಿನಿಮಾ. ಅಂದರೆ ಒಂಬತ್ತೂವರೆ ಗಂಟೆಗೂ ಸ್ವಲ್ಪ ಜಾಸ್ತಿ. ಮೂರು ಭಾಗಗಳಿವೆ. ಮೊದಲ ಎರಡು 1959ರಲ್ಲಿ ಬಂದವು, ಮೂರನೆಯದು 1961ರಲ್ಲಿ. ಮೂರನ್ನೂ ಸೇರಿಸಿ ರಾತ್ರಿಯಿಡೀ ತೋರಿಸುತ್ತಿದ್ದ ಥಿಯೇಟರುಗಳೂ ಜಪಾನಿನಲ್ಲಿ ಇದ್ದವಂತೆ. ನಾನು ನೋಡಿದ್ದು ಅಮೆರಿಕದ ಕ್ರೈಟೀರಿಯನ್ ಕಂಪನಿ 2021ರಲ್ಲಿ ಹೊರತಂದ ಬ್ಲೂ-ರೇ. ಮಗಳು ರಜಕ್ಕೆ ಊರಿಗೆ ಬರುವಾಗ ತಂದುಕೊಟ್ಟಳು.

ಕೊಳ್ಳುವ ಮೊದಲು ಪ್ಲೇಯರ್ ವಿಷಯ ಗಮನಿಸಿ. ಈ ಡಿಸ್ಕುಗಳು ರೀಜನ್ 'ಎ', ಅಂದರೆ ಅಮೆರಿಕದ ಕಡೆಯ ಪ್ಲೇಯರುಗಳಿಗೆ ಅಂತ ಮಾಡಿದವು. ನಮ್ಮ ದೇಶ ರೀಜನ್ 'ಸಿ'. ಇಲ್ಲಿ ಅಂಗಡಿಯಲ್ಲಿ ಸಿಗುವ ಮಾಮೂಲಿ ಬ್ಲೂ-ರೇ ಪ್ಲೇಯರಿಗೆ ಹಾಕಿದರೆ ಓಡುವುದಿಲ್ಲ. ಎಲ್ಲ ರೀಜನ್ನಿನ ಡಿಸ್ಕೂ ಓಡಿಸುವ ಪ್ಲೇಯರ್ ಬೇಕೇ ಬೇಕು. ಇಂಗ್ಲೆಂಡಿನ ಆರೋ ಕಂಪನಿಯ ಸೆಟ್ಟೂ ಇದೆ, ಅದು ರೀಜನ್ 'ಬಿ', ಅದಕ್ಕೂ ಇದೇ ಮಾತು. ಸಬ್‌ಟೈಟಲ್ ಇಂಗ್ಲಿಷಿನಲ್ಲಿ ಮಾತ್ರ. ಮನೆಯ ಹಿರಿಯರ ಜೊತೆ ನೋಡುವುದಾದರೆ ಆಗಾಗ ನಿಲ್ಲಿಸಿ ಹೇಳಬೇಕಾಗುತ್ತದೆ. ನಾವು ಹಾಗೇ ನೋಡಿದೆವು.

ಕಥೆ ಶುರುವಾಗುವುದು 1943ರಲ್ಲಿ, ಜಪಾನ್ ಹಿಡಿದುಕೊಂಡಿದ್ದ ಈಶಾನ್ಯ ಚೀನಾದ ಮಂಚೂರಿಯಾದಲ್ಲಿ. ಕಾಜಿ ಅನ್ನುವ ಯುವಕ ಒಂದು ದೊಡ್ಡ ಉಕ್ಕಿನ ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಓದಿಕೊಂಡವನು, ಯುದ್ಧವನ್ನು ಒಪ್ಪದವನು. ಕೂಲಿಗಳನ್ನು ಮನುಷ್ಯರ ಹಾಗೆ ನೋಡಿಕೊಂಡರೆ ಉತ್ಪಾದನೆಯೂ ಚೆನ್ನಾಗಿರುತ್ತದೆ ಅಂತ ಒಂದು ವರದಿ ಬರೆಯುತ್ತಾನೆ. ಮೇಲಿನವರು ಅದನ್ನು ಓದಿ ಹೇಳುತ್ತಾರೆ: ಸರಿ, ಹಾಗಾದರೆ ಲಾವೊಹುಲಿಂಗ್ ಗಣಿಗೆ ಹೋಗು, ನೀನೇ ಮಾಡಿ ತೋರಿಸು, ನಿನಗೆ ಸೈನ್ಯಕ್ಕೆ ಸೇರುವುದರಿಂದ ವಿನಾಯಿತಿ ಕೊಡಿಸುತ್ತೇವೆ. ಆ ವಿನಾಯಿತಿ ಪತ್ರ ಕೈಗೆ ಸಿಕ್ಕಿತು ಅಂತಲೇ ಅವನು ಮಿಚಿಕೊಳನ್ನು ಮದುವೆಯಾಗುತ್ತಾನೆ. ಇಬ್ಬರೂ ಲಾರಿ ಹತ್ತಿ ಗಣಿಗೆ ಹೋಗುತ್ತಾರೆ.

ಆ ಪತ್ರವನ್ನು ಮರೆಯಬೇಡಿ. ಇಡೀ ಸಿನಿಮಾ ನಿಂತಿರುವುದು ಅದರ ಮೇಲೆ. ಕಾಜಿಯ ಒಳ್ಳೆಯತನ ಶುರುವಾಗುವುದೇ ಒಂದು ಕೊಡು-ಕೊಳ್ಳುವಿಕೆಯಿಂದ. ತಾನು ಬಂದೂಕು ಹಿಡಿಯಬಾರದು, ಹೆಂಡತಿಯ ಜೊತೆ ಬದುಕಬೇಕು. ಅದಕ್ಕೆ ಬದಲಾಗಿ ಯುದ್ಧಕ್ಕೆ ಬೇಕಾದ ಅದಿರನ್ನು ಅಗೆಸಿ ಕೊಡಬೇಕು. ಗಣಿಯಲ್ಲಿ ಅವನಿಗೆ ಸಿಗುವ ಗುರಿ, ಉತ್ಪಾದನೆಯನ್ನು ಶೇಕಡಾ 20ರಷ್ಟು ಏರಿಸುವುದು.

ಇಲ್ಲಿ ನನ್ನ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಈ ಮೊದಲ ಭಾಗ ನನ್ನನ್ನು ಯಾಕೆ ಇಷ್ಟು ಹಿಡಿದುಕೊಂಡಿತು ಅಂತ ಗೊತ್ತಾಗುವುದಿಲ್ಲ. ನಾನು ಬೆಂಗಳೂರಿನ ಮೈಸೂರು ರಸ್ತೆ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ವೆಲ್ಫೇರ್ ಆಫೀಸರ್ ಆಗಿದ್ದೆ, ಈಗ ರಿಟೈರ್ ಆಗಿದ್ದೇನೆ. 1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ 500 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿರುವ ಕಡೆ ಆಗ ಈ ಹುದ್ದೆ ಇರಲೇಬೇಕಿತ್ತು. ಸಂಬಳ ಕೊಡುವುದು ಮ್ಯಾನೇಜ್‌ಮೆಂಟ್, ನೋಡಿಕೊಳ್ಳಬೇಕಾದ್ದು ಕಾರ್ಮಿಕರನ್ನು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಬೋರ್ಡಿನಲ್ಲಿ ಬರೆದಿರುತ್ತದೆ. ಬಸುರಿ ಹೆಂಗಸು ಕೂತು ಕೂತು ಕಾಲು ಊದಿಸಿಕೊಂಡು ನನ್ನ ಟೇಬಲ್ ಹತ್ತಿರ ಬಂದಿರುತ್ತಾಳೆ. ಬಾಗಿಲಲ್ಲಿ ಲೈನ್ ಸೂಪರ್‌ವೈಸರ್ ವಾಚು ನೋಡುತ್ತಾ ನಿಂತಿರುತ್ತಾನೆ. ಯುದ್ಧಕಾಲದ ಗಣಿಗೂ ನಮ್ಮ ಫ್ಲೋರಿಗೂ ಹೋಲಿಕೆ ಇಲ್ಲ, ಅದನ್ನು ನಾನು ಯಾವತ್ತೂ ಮಾಡುವುದಿಲ್ಲ. ಆದರೆ ಎರಡು ಕಡೆಯವರ ನಡುವೆ ಹಾಕಿರುವ ಆ ಕುರ್ಚಿ ನನಗೆ ಗೊತ್ತು. ಅದರಲ್ಲಿ ಕೂತವನ ಮುಖ ಹೇಗಿರುತ್ತದೆ ಅನ್ನುವುದೂ ಗೊತ್ತು. ಕಾಜಿಯ ಪಾತ್ರ ಮಾಡಿರುವ ತತ್ಸುಯಾ ನಕಡಾಯ್ ಅವರ ಮುಖದಲ್ಲಿ ಅದು ಹಾಗೆ ಹಾಗೇ ಇದೆ. ದೊಡ್ಡ ಕಣ್ಣು, ಬಿಗಿದ ದವಡೆ, ಯಾರಿಗೂ ಪೂರ್ತಿ ಉತ್ತರ ಕೊಡಲಾಗದೆ ಅರ್ಧಕ್ಕೆ ನಿಲ್ಲುವ ತುಟಿ.

ಗಣಿಗೆ 600 ಚೀನೀ ಯುದ್ಧಕೈದಿಗಳು ಬರುವ ದೃಶ್ಯ ನೋಡಿ. ಬಯಲಿನ ನಡುವೆ ಗೂಡ್ಸ್ ರೈಲು ನಿಂತಿದೆ. ಬೋಗಿಗಳಿಗೆ ಹೊರಗಿನಿಂದ ಬೀಗ. ಬಾಗಿಲು ತೆಗೆದ ಕೂಡಲೇ ಮನುಷ್ಯರು ಇಳಿಯುವುದಿಲ್ಲ, ಉರುಳುತ್ತಾರೆ. ಕೆಲವರು ಒಳಗೇ ಸತ್ತಿದ್ದಾರೆ. ಉಳಿದವರು ತೆವಳುತ್ತಾ, ಎದ್ದು ಬಿದ್ದು, ಊಟದ ಮೂಟೆಗಳಿರುವ ಗಾಡಿಯ ಕಡೆ ಓಡುತ್ತಾರೆ. ಎಷ್ಟೋ ದಿನ ಹಸಿದ ಹೊಟ್ಟೆಗೆ ಒಂದೇ ಸಲ ತಿಂದರೆ ಸಾಯುತ್ತಾರೆ ಅಂತ ಕಾಜಿಗೆ ಗೊತ್ತು. ಹಾಗಾಗಿ ಅವರನ್ನು ತಡೆಯಲು ನುಗ್ಗುತ್ತಾನೆ. ಕೈದಿಗಳ ಕಣ್ಣಿಗೆ ಅವನು ಯಾರು? ಊಟ ಕಿತ್ತುಕೊಳ್ಳುವ ಇನ್ನೊಬ್ಬ ಜಪಾನಿ, ಅಷ್ಟೇ. ಅವರ ಒಳ್ಳೆಯದಕ್ಕೇ ಮಾಡುತ್ತಿದ್ದಾನೆ, ಆದರೆ ಹೊರಗಿನಿಂದ ನೋಡಿದರೆ ಕ್ರೌರ್ಯಕ್ಕೂ ಅದಕ್ಕೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಇಡೀ ಸಿನಿಮಾದಲ್ಲಿ ನನಗೆ ಅತ್ಯಂತ ನಿಜ ಅನ್ನಿಸಿದ ಕ್ಷಣ ಇದು.

ಆಮೇಲೆ ಒಂದೊಂದೇ ಸೇರುತ್ತಾ ಹೋಗುತ್ತದೆ. ಕೈದಿಗಳ ಸುತ್ತ ಕರೆಂಟು ಹಾಯಿಸಿದ ಮುಳ್ಳುತಂತಿ. ಹೊಡೆಯಬೇಡಿ ಅಂತ ಕಾಜಿ ಹೇಳಿದರೆ ಮೇಸ್ತ್ರಿಗಳು ನಗುತ್ತಾರೆ. ಕೈದಿಗಳನ್ನು ಸಮಾಧಾನವಾಗಿ ಇಡಲು ಸೂಳೆಗೇರಿಯಿಂದ ಹೆಂಗಸರನ್ನು ಕಳಿಸುವ ಏರ್ಪಾಡನ್ನೂ ಅವನೇ ಮಾಡಬೇಕು, ಮಾಡುತ್ತಾನೆ. ನಮ್ಮ ಮನೆಯವರು ಅಲ್ಲಿ ತಡೆಯಲಾರದೆ ಕೇಳಿದರು, "ಅಲ್ಲ ಕಣೇ, ಇವನು ಕೆಲಸ ಬಿಟ್ಟು ಹೋಗಬಹುದಿತ್ತಲ್ಲ?" ನಾನಂದೆ, "ಬಿಟ್ರೆ ಎಲ್ಲಿಗೆ ಹೋಗ್ತಾನೆ ರೀ? ಸೀದಾ ಮಿಲಿಟರಿಗೇ. ಇವನ ಜಾಗಕ್ಕೆ ಹೊಡೆಯೋನೊಬ್ಬ ಬರ್ತಾನೆ." ಅವರು ಸುಮ್ಮನಾಗಲಿಲ್ಲ. "ಅದೇ ಮಾತು ಹೇಳಿಕೊಂಡೇ ಎಲ್ಲರೂ ಕೂತಿರ್ತಾರೆ" ಅಂದರು. ಸಿನಿಮಾ ಕೂಡ ಇದನ್ನೇ ಕೇಳುತ್ತದೆ, ಸುಲಭದ ಉತ್ತರ ಕೊಡುವುದಿಲ್ಲ. ಕೈದಿಗಳ ಮುಂದಾಳು ವಾಂಗ್ ಮುಳ್ಳುತಂತಿಯ ಆಚೆ ನಿಂತು ಕಾಜಿಗೆ ಹೇಳುವ ಮಾತಿನ ಸಾರ ಇಷ್ಟು: ಸಣ್ಣಪುಟ್ಟ ತಪ್ಪುಗಳನ್ನು ಕ್ಷಮಿಸಬಹುದು, ಆದರೆ ಕೊನೆಗೆ ಒಂದು ಗಳಿಗೆ ಬರುತ್ತದೆ, ಅಲ್ಲಿ ತಪ್ಪಿದರೆ ಕ್ಷಮೆ ಇಲ್ಲ.

ಆ ಗಳಿಗೆ ಬರುತ್ತದೆ. ತಪ್ಪಿಸಿಕೊಳ್ಳಲು ಯತ್ನಿಸಿದರು ಅಂತ ಸುಳ್ಳು ಆರೋಪ ಹೊರಿಸಿ ಏಳು ಜನ ಕೈದಿಗಳ ತಲೆ ಕಡಿಯಲು ಮಿಲಿಟರಿ ಪೊಲೀಸರು ತಯಾರಾಗುತ್ತಾರೆ. ಉಳಿದ ಕೈದಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿಸುತ್ತಾರೆ. ಕಾಜಿಯೂ ಅಲ್ಲಿ ನಿಂತಿರಬೇಕು. ಮೊದಲನೆಯವನು ಹೋದ. ಎರಡನೆಯವನು ಹೋದ. ಮೂರನೆಯವನು ಕೊನೆಯವರೆಗೂ ಬೈಯುತ್ತಾ ಕೊಸರಾಡುತ್ತಾ ಹೋದ. ಆಗ ಕಾಜಿ ಮುಂದೆ ಹೆಜ್ಜೆ ಇಟ್ಟು ನಿಲ್ಲಿಸಿ ಅನ್ನುತ್ತಾನೆ. ಕತ್ತಿ ಅವನ ಕಡೆ ತಿರುಗುತ್ತದೆ. ಸಾಲಿನಲ್ಲಿದ್ದ ಕೈದಿಗಳು ಒಮ್ಮೆಲೇ ಕೂಗಲು ಶುರು ಮಾಡುತ್ತಾರೆ, ಕೂಗು ಏರುತ್ತದೆ, ಪೊಲೀಸರು ಹಿಂದೆ ಸರಿಯುತ್ತಾರೆ. ನಾಲ್ಕು ಜೀವ ಉಳಿಯಿತು.

ಬೇರೆ ಸಿನಿಮಾ ಆಗಿದ್ದರೆ ಇಲ್ಲಿ ಸಂಗೀತ ಎದ್ದು ನಾಯಕ ದೊಡ್ಡವನಾಗುತ್ತಿದ್ದ. ಕೊಬಯಾಶಿ ಹಾಗೆ ಮಾಡಲಿಲ್ಲ. ಮೂರು ತಲೆ ಉರುಳಿದ ಮೇಲೆ ಬಂದ ಧೈರ್ಯ ಇದು ಅನ್ನುವುದನ್ನು ಅವರು ನಮಗೆ ಮರೆಯಲು ಬಿಡುವುದಿಲ್ಲ. ಕಾಜಿಯನ್ನು ಹಿಡಿದು ಹಿಂಸಿಸುತ್ತಾರೆ. ಬಿಟ್ಟು ಕಳಿಸುವಾಗ ಸೈನ್ಯಕ್ಕೆ ಸೇರುವ ಆದೇಶ ಕೈಗಿಡುತ್ತಾರೆ, ಆ ವಿನಾಯಿತಿ ಪತ್ರಕ್ಕೆ ಇನ್ನು ಬೆಲೆ ಇಲ್ಲ. ಮೂರನೆಯವನಾಗಿ ಸತ್ತ ಕೈದಿಯನ್ನು ಪ್ರೀತಿಸಿದ್ದ ಹೆಂಗಸು ದಾರಿಯಲ್ಲಿ ಎದುರಾಗಿ ಜಪಾನಿ ಪಿಶಾಚಿ ಅಂತ ಶಪಿಸಿ ಕಲ್ಲು ಬೀಸುತ್ತಾಳೆ. ಅವಳು ಹೇಳುವುದರಲ್ಲಿ ತಪ್ಪೇನಿದೆ? ಅವಳ ಪಾಲಿಗೆ ಕಾಜಿ ತಡ ಮಾಡಿದವನು. ಮಾನವೀಯತೆ ಅಂದರೆ ಮನಸ್ಸಿನಲ್ಲಿ ಮರುಕ ಇಟ್ಟುಕೊಳ್ಳುವುದು ಅಂತ ನಾವು ತಿಳಿದಿರುತ್ತೇವೆ. ಕಾಜಿಗೆ ಮರುಕ ಮೊದಲ ದಿನದಿಂದಲೇ ಇತ್ತು. ಅದು ಕುರ್ಚಿ ಬಿಟ್ಟು ಎದ್ದು ಮುಂದೆ ಬರುವುದಕ್ಕೆ ಎಷ್ಟು ಹೊತ್ತು ಹಿಡಿಯಿತು, ಅಷ್ಟರಲ್ಲಿ ಯಾರು ಯಾರು ಹೋದರು, ಅದರ ಲೆಕ್ಕ ಈ ಸಿನಿಮಾ.

ಇದನ್ನು ಇಷ್ಟು ಖಚಿತವಾಗಿ ತೆಗೆಯಲು ಕೊಬಯಾಶಿಗೆ ಕಾರಣ ಇತ್ತು. 1916ರಲ್ಲಿ ಹೊಕ್ಕೈಡೊ ದ್ವೀಪದ ಒತಾರುವಿನಲ್ಲಿ ಹುಟ್ಟಿದವರು. ಸ್ಟುಡಿಯೊ ಸೇರಿ ಕೆಲವೇ ತಿಂಗಳಾಗಿತ್ತು, 1942ರಲ್ಲಿ ಸೈನ್ಯಕ್ಕೆ ಎಳೆದುಕೊಂಡು ಮಂಚೂರಿಯಾಗೆ ಕಳಿಸಿದರು. ಬಡ್ತಿ ಕೊಡುತ್ತೇವೆ ಅಂದರೂ ಬೇಡ ಅಂದು ಸಾಮಾನ್ಯ ಸಿಪಾಯಿಯಾಗಿಯೇ ಉಳಿದರು. ಯುದ್ಧ ಮುಗಿದ ಮೇಲೆ ಒಕಿನಾವಾದಲ್ಲಿ ಕೈದಿಯಾಗಿದ್ದರು. ಜುಂಪೈ ಗೊಮಿಕಾವಾ ಅವರ ಆರು ಸಂಪುಟದ ಕಾದಂಬರಿ ಕೈಗೆ ಸಿಕ್ಕಾಗ ಅದು ಅವರಿಗೆ ಬೇರೆಯವರ ಕಥೆ ಅನ್ನಿಸಿರಲಿಕ್ಕಿಲ್ಲ. ಇದಕ್ಕೂ ಮೊದಲು ಯುದ್ಧಾಪರಾಧಿಗಳ ಜೈಲಿನ ಬಗ್ಗೆ ಅವರು 1953ರಲ್ಲಿ ಮಾಡಿದ್ದ ಸಿನಿಮಾವನ್ನು ಸ್ಟುಡಿಯೊ 1956ರವರೆಗೆ ಬಿಡುಗಡೆ ಮಾಡದೆ ಇಟ್ಟುಕೊಂಡಿತ್ತು. ಸೋತು ಹದಿನೈದು ವರ್ಷವೂ ಆಗಿರದ ದೇಶದಲ್ಲಿ, ನಮ್ಮ ಸೈನ್ಯ ಚೀನೀಯರಿಗೆ ಹೀಗೆ ಮಾಡಿತು ಅಂತ ದೊಡ್ಡ ಪರದೆಯ ಮೇಲೆ ತೋರಿಸುವುದು ಸಣ್ಣ ಮಾತಲ್ಲ. ನಮ್ಮವರು ಸತ್ತರು, ನಾವು ನೊಂದೆವು ಅಂತ ಹೇಳುವ ಯುದ್ಧ ವಿರೋಧಿ ಸಿನಿಮಾಗಳು ಬೇಕಾದಷ್ಟಿವೆ. ನಮ್ಮವರು ಮಾಡಿದ್ದೇನು ಅಂತ ಕೇಳುವವು ಕಮ್ಮಿ.

ಎರಡನೆಯ ಭಾಗ ಬ್ಯಾರಕ್ಕಿನದು. ಹೊಸ ಸಿಪಾಯಿಗಳಿಗೆ ಹಳಬರು ಕೊಡುವ ಏಟು, ಅವಮಾನ. ಓಬಾರಾ ಅನ್ನುವ ಮಂದಗಣ್ಣಿನ ಬಡಪಾಯಿ ಒಬ್ಬನಿದ್ದಾನೆ. ಸಿಪಾಯಿಗಳ ದೂರದ ನಡಿಗೆಯಲ್ಲಿ ಹಿಂದೆ ಬಿದ್ದ ಅಂತ ಅವನನ್ನು ಎಲ್ಲರ ಮುಂದೆ ಬೀದಿಯ ಹೆಂಗಸಿನ ಹಾಗೆ ಕೈಬೀಸಿ ಕರೆಯುವ ನಟನೆ ಮಾಡಿಸುತ್ತಾರೆ. ಅವನು ರಾತ್ರಿ ಬಂದೂಕು ತಗೊಂಡು ಕಕ್ಕಸಿಗೆ ಹೋಗುವ ದೃಶ್ಯವನ್ನು ನಾನು ಪೂರ್ತಿ ನೋಡಲಾರದೆ ಮುಖ ತಿರುಗಿಸಿದೆ. ಮನೆಯಲ್ಲಿ ಯಾರಾದರೂ ಆ ಥರದ ನೋವು ಕಂಡಿದ್ದರೆ ಮುಂಚೆಯೇ ತಿಳಿಸಿ ಕೂರಿಸಿ. ಈ ಭಾಗ ಸ್ವಲ್ಪ ಉದ್ದವಾಯಿತು ಅನ್ನಿಸುತ್ತದೆ. ಹೊಡೆತದ ಮೇಲೆ ಹೊಡೆತ ಬಂದು ಒಂದು ಹಂತದಲ್ಲಿ ಮನಸ್ಸು ಮರಗಟ್ಟುತ್ತದೆ. ಮಿಚಿಕೊ ದೂರದಿಂದ ಬಂದು ಒಂದೇ ರಾತ್ರಿ ಉಗ್ರಾಣದ ಕೋಣೆಯಲ್ಲಿ ಗಂಡನ ಜೊತೆ ಕಳೆಯುವುದು ಮಾತ್ರ ಉಸಿರಾಡಲು ಸಿಗುವ ಜಾಗ. ನಿಜವಾದ ಕಾಳಗ ಬರುವುದು ಈ ಭಾಗದ ಕೊನೆಗೆ, ಅಂದರೆ ನಾವು ಆರು ಗಂಟೆ ಕೂತಾದ ಮೇಲೆ! ಸಣ್ಣ ಗುಂಡಿಗಳಲ್ಲಿ ಅಡಗಿದ ಸಿಪಾಯಿಗಳ ತಲೆಯ ಮೇಲೇ ಸೋವಿಯತ್ ಟ್ಯಾಂಕುಗಳು ಹಾದು ಹೋಗುತ್ತವೆ. ಅದರಲ್ಲಿ ಒಂದು ಚೂರೂ ಮೋಜಿಲ್ಲ. ಅಲ್ಲಿ ಕಾಜಿ ತನ್ನ ಕೈಯಾರೆ ಮಾಡುವ ಒಂದು ಕೆಲಸ, ಗಣಿಯಲ್ಲಿ ಕತ್ತಿಯ ಮುಂದೆ ನಿಂತವನು ಇವನೇನಾ ಅನ್ನಿಸುವಂಥದು. ಏನು ಅಂತ ಹೇಳುವುದಿಲ್ಲ.

ಮೂರನೆಯ ಭಾಗದಲ್ಲಿ ಜಪಾನ್ ಸೋತಿದೆ. 1945ರ ಆಗಸ್ಟ್ 9ರಂದು ಸೋವಿಯತ್ ಸೈನ್ಯ ಮಂಚೂರಿಯಾಗೆ ನುಗ್ಗಿತು. ಸುಮಾರು ಆರು ಲಕ್ಷ ಜಪಾನೀಯರು ಸೆರೆಯಾಗಿ ಶಿಬಿರಗಳಿಗೆ ಹೋದರು. ಕಾಜಿ ಅವರಲ್ಲೊಬ್ಬ. ಈಗ ತಂತಿಯ ಒಳಗಡೆ ಇರುವವನು ಅವನೇ. ಚಳಿಗೆ ಗೋಣಿಚೀಲ ಹೊದ್ದು, ಕಸದಲ್ಲಿ ತಿನ್ನುವುದಕ್ಕೆ ಹುಡುಕುತ್ತಾ, ತನ್ನ ಜೊತೆಯ ಸಿಪಾಯಿ ಹುಡುಗನೊಬ್ಬನಿಗೆ ಮೈ ಹುಷಾರಿಲ್ಲ ಅಂತ ಅಧಿಕಾರಿಯ ಮುಂದೆ ಬೇಡುತ್ತಾ ನಿಲ್ಲುವವನೂ ಅವನೇ. ಸಮಾಜವಾದದ ಮೇಲೆ ನಂಬಿಕೆ ಇಟ್ಟವನಿಗೆ ಅಲ್ಲಿನ ಅಧಿಕಾರಿಗಳು ಫ್ಯಾಸಿಸ್ಟ್ ಅಂತ ಹಣೆಪಟ್ಟಿ ಕಟ್ಟುತ್ತಾರೆ. ಅವರೆಲ್ಲ ಕೆಟ್ಟವರೇ ಅಂತ ಸಿನಿಮಾ ಹೇಳುವುದಿಲ್ಲ. ಅವರಿಗೂ ಒಂದು ಲೆಕ್ಕದ ಪುಸ್ತಕ, ಒಂದು ಗುರಿ, ಮೇಲಿನಿಂದ ಬಂದ ಆದೇಶ ಇದೆ. ಲಾವೊಹುಲಿಂಗ್‌ನಲ್ಲಿ ಕಾಜಿಗೆ ಇದ್ದ ಹಾಗೇ. ಮೊದಲ ಭಾಗವನ್ನು ಮಾತ್ರ ನೋಡಿ ಎದ್ದು ಹೋದವರಿಗೆ ಇದು ಸಿಗುವುದಿಲ್ಲ. ಅದಕ್ಕೇ ನಾನು ಹೇಳುವುದು, ನೋಡಿದರೆ ಮೂರೂ ಭಾಗ ನೋಡಿ.

ಇನ್ನು ಡಿಸ್ಕಿನ ಗುಣಮಟ್ಟ. ಯೋಶಿಯೊ ಮಿಯಾಜಿಮಾ ಅವರ ಕಪ್ಪುಬಿಳುಪು ಛಾಯಾಗ್ರಹಣ, ತುಂಬಾ ಅಗಲದ ಚೌಕಟ್ಟು. ಟೀವಿಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಅದನ್ನು ಹಿಗ್ಗಿಸಿ ಪರದೆ ತುಂಬಿಸಬೇಡಿ. ಆ ಅಗಲ ಬೇಕೇ ಬೇಕು. ಮುಳ್ಳುತಂತಿ ಈ ತುದಿಯಿಂದ ಆ ತುದಿಗೆ ಚಾಚಿಕೊಂಡಾಗ, ಗುಡ್ಡದ ಮೇಲೆ ಕೂಲಿಗಳ ಸಾಲು ಹತ್ತುವಾಗ, ಮನುಷ್ಯ ಎಷ್ಟು ಚಿಕ್ಕವನು ಅಂತ ಕಾಣುವುದು ಆ ಅಗಲದಲ್ಲೇ. ಚೀನಾದ ಜೊತೆ ಜಪಾನಿಗೆ ಆಗ ರಾಜತಾಂತ್ರಿಕ ಸಂಬಂಧ ಇರಲಿಲ್ಲ. ಹಾಗಾಗಿ ಮಂಚೂರಿಯಾವನ್ನು ಹೊಕ್ಕೈಡೊದಲ್ಲೇ ಸೃಷ್ಟಿಸಿ ಚಿತ್ರೀಕರಿಸಿದರು. ಆ ಹಿಮ, ಆ ಗಾಳಿ ನಿಜದ್ದು. ನಟರ ಮುಖದ ಚರ್ಮ ಒಡೆದಿರುವುದು, ಬೆವರಿಗೆ ಅಂಟಿದ ಧೂಳು, ಎಲ್ಲ ಈ ಡಿಸ್ಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಚುಜಿ ಕಿನೊಶಿತಾ ಅವರ ಸಂಗೀತ ಅಲ್ಲಲ್ಲಿ ಜೋರಾಯಿತು ಅನ್ನಿಸಿತು. ಆ ಕಾಲದ ರೂಢಿ ಇರಬೇಕು.

ಹೆಚ್ಚುವರಿಯಾಗಿ ಕೊಟ್ಟಿರುವುದರಲ್ಲಿ ಕೊಬಯಾಶಿ ಅವರ ಹಳೆಯ ಸಂದರ್ಶನದ ತುಣುಕೊಂದಿದೆ. ಪ್ರಶ್ನೆ ಕೇಳುವವರು ಇನ್ನೊಬ್ಬ ದೊಡ್ಡ ನಿರ್ದೇಶಕ ಮಸಾಹಿರೊ ಶಿನೊಡಾ. 2009ರಲ್ಲಿ ನಕಡಾಯ್ ಜೊತೆ ನಡೆಸಿದ ಸಂದರ್ಶನವೂ ಇದೆ. ಸಿನಿಮಾ ಮುಗಿದ ಮೇಲೆಯೇ ಇವನ್ನು ನೋಡಿ. ವಿಮರ್ಶಕ ಫಿಲಿಪ್ ಕೆಂಪ್ ಅವರ ಪ್ರಬಂಧ ಮಾತ್ರ ಮೊದಲೇ ಓದಬಹುದು, ಹಿನ್ನೆಲೆ ತಿಳಿಯುತ್ತದೆ. ಸಿನಿಮಾದ ಜೊತೆಜೊತೆಗೆ ವಿವರಿಸುವ ಕಾಮೆಂಟರಿ ಇಲ್ಲ. ಇಷ್ಟು ಬೆಲೆಯ ಸೆಟ್ಟಿನಲ್ಲಿ ಮೊದಲ ಭಾಗಕ್ಕಾದರೂ ಒಬ್ಬ ಇತಿಹಾಸಕಾರರಿಂದ ಮಾತಾಡಿಸಬೇಕಿತ್ತು. ಚೀನಾದ ಕಡೆಯ ಒಂದು ದನಿಯೂ ಇಲ್ಲದಿರುವುದು ದೊಡ್ಡ ಕೊರತೆ. ಆ ಗಣಿಗಳಲ್ಲಿ ನಿಜವಾಗಿ ಸತ್ತವರು ಅವರ ಜನ ಅಲ್ವಾ?

ಸಿನಿಮಾದಲ್ಲೂ ನನಗೆ ಒಪ್ಪಿಗೆಯಾಗದ್ದು ಇದೆ. ಚೀನೀ ಪಾತ್ರಗಳನ್ನೆಲ್ಲ ಜಪಾನೀ ನಟರೇ ಮಾಡಿದ್ದಾರೆ. ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲವೇನೋ, ಆದರೂ ಚೀನೀ ಭಾಷೆ ಅವರ ಬಾಯಲ್ಲಿ ಸಲೀಸಾಗಿ ಬರುವುದಿಲ್ಲ ಅನ್ನುವುದು ನಮ್ಮ ಕಿವಿಗೂ ತಿಳಿಯುತ್ತದೆ. ಮಿಚಿಕೊ ಪಾತ್ರಕ್ಕೆ ಕಾಯುವುದು, ಅಳುವುದು ಬಿಟ್ಟರೆ ಹೆಚ್ಚು ಕೆಲಸ ಕೊಟ್ಟಿಲ್ಲ. ಆ ಪಾತ್ರ ಮಾಡಿರುವ ಮಿಚಿಯೊ ಅರಾತಾಮಾ ಒಳ್ಳೆಯ ನಟಿ. ಗಣಿಯ ಆ ಪುಟ್ಟ ಮನೆಯಲ್ಲಿ ಗಂಡ ಒಳಗೊಳಗೇ ಬೇಯುವುದನ್ನು ದಿನವೂ ನೋಡಿದವಳು ಏನು ಯೋಚಿಸಿದಳು ಅಂತ ತಿಳಿಯುವ ಆಸೆ ನನಗಿತ್ತು. ಮತ್ತೆ, ಕಾಜಿ ಕೆಲವೊಮ್ಮೆ ತುಂಬಾ ಭಾಷಣ ಮಾಡುತ್ತಾನೆ. ನಕಡಾಯ್ ಬಾಯಿ ಮುಚ್ಚಿಕೊಂಡಿರುವಾಗಲೇ ಹೆಚ್ಚು ಹೇಳುತ್ತಾರೆ.

ಹೇಗೆ ನೋಡಬೇಕು ಅಂದರೆ, ಮೂರು ಭಾಗಗಳಲ್ಲಿ ಒಂದೊಂದೂ ಮತ್ತೆ ಎರಡಾಗಿ ಒಡೆದಿದೆ, ನಡುವೆ ವಿರಾಮವೂ ಇದೆ. ಒಟ್ಟು ಆರು ಅಧ್ಯಾಯ. ದಿನಕ್ಕೊಂದು ಅಧ್ಯಾಯ ನೋಡಿದರೆ ಒಂದೂವರೆ ಗಂಟೆಯ ಆಸುಪಾಸು, ಊಟಕ್ಕೆ ಮುಂಚೆ ಮುಗಿಯುತ್ತದೆ. ಮಕ್ಕಳಿಗೆ ತೋರಿಸುವಂಥದ್ದಲ್ಲ. ಕಾಲೇಜಿಗೆ ಹೋಗುವ ವಯಸ್ಸಿನವರಿಗೆ ಖಂಡಿತ ತೋರಿಸಿ. ಫೋನಿನಲ್ಲಿ ಯುದ್ಧದ ವಿಡಿಯೊ ಬಂದ ಕೂಡಲೇ ಚಪ್ಪಾಳೆಯ ಗುರುತು ಒತ್ತುವ ಹುಡುಗ ಹುಡುಗಿಯರು ನಮ್ಮ ಸಂಬಂಧಿಕರಲ್ಲೇ ಇದ್ದಾರೆ. ಅವರಿಗೆ ಬುದ್ಧಿ ಹೇಳುವ ಬದಲು ಮೊದಲ ಭಾಗದ ರೈಲಿನ ದೃಶ್ಯ ತೋರಿಸಬೇಕು ಅಂತ ನನ್ನಾಸೆ.

ಬೆಲೆ ಎಲ್ಲರ ಕೈಗೆಟುಕುವಂಥದ್ದಲ್ಲ. ತರಿಸುವ ಖರ್ಚು ಸೇರಿದರೆ ಇನ್ನೂ ಜಾಸ್ತಿ. ಹಾಗಾಗಿ ಒಬ್ಬೊಬ್ಬರೇ ಕೊಳ್ಳುವುದಕ್ಕಿಂತ ಸುಚಿತ್ರಾದಂಥ ಫಿಲ್ಮ್ ಸೊಸೈಟಿಗಳು, ಕಾಲೇಜಿನ ಲೈಬ್ರರಿಗಳು ಒಂದೊಂದು ಸೆಟ್ ಇಟ್ಟುಕೊಂಡರೆ ಚೆನ್ನ. ತೋರಿಸುವವರು ದಯವಿಟ್ಟು ಒಂದೇ ದಿನಕ್ಕೆ ತುರುಕಬೇಡಿ, ಮೂರು ಶನಿವಾರ ಇಟ್ಟುಕೊಳ್ಳಿ. ಮೊದಲ ಭಾಗ ಮುಗಿದ ಮೇಲೆ ಜನ ಕೂತು ಮಾತಾಡಲು ಅರ್ಧ ಗಂಟೆಯಾದರೂ ಬಿಡಿ. ಕಾಜಿ ಕೆಲಸ ಬಿಡಬೇಕಿತ್ತಾ ಅನ್ನುವ ವಾದ ಬಂದೇ ಬರುತ್ತದೆ. ನಮ್ಮ ಮನೆಯಲ್ಲಂತೂ ಅದು ಇನ್ನೂ ತೀರ್ಮಾನವಾಗಿಲ್ಲ.